ಮನೆ ದಾಟಿ ಹೋದ ವಜ್ರವ್ಯೂಹ

ನನ್ನ ಕಣ್ಣಿಗೆ ಒಂದು ಕೆಟ್ಟ ಚಾಳಿಯಿದೆ. ಸೊಟ್ಟಗಿರುವುದು ಎಲ್ಲಿದ್ದರೂ ಅದಕ್ಕೆ ಮೊದಲು ಅದೇ ಕಾಣಬೇಕು. ಯಾರದೋ ಮನೆಗೆ ಹೋದರೆ ಕಾಫಿ ಲೋಟ ಕೈಗೆ ಬರುವ ಮುಂಚೆಯೇ ಗೋಡೆಯ ಮೇಲಿನ ಅವರ ತಾತನ ಫೋಟೋ ಎಡಕ್ಕೆ ವಾಲಿರುವುದು ಕಾಣುತ್ತದೆ. ಸುಮ್ಮನಿರೋಣವೆಂದರೆ ಕೈ ಕೇಳುವುದಿಲ್ಲ. ಎದ್ದು ಹೋಗಿ ತಾತನನ್ನು ನೆಟ್ಟಗೆ ಮಾಡಿ ಬಂದು ಕೂತಾಗ ಕಾಫಿ ಆರಿರುತ್ತದೆ, ಮನೆಯವರ ಮುಖವೂ ಸ್ವಲ್ಪ ಆರಿರುತ್ತದೆ. "ನಿಮ್ಮನ್ನ ನಾಲ್ಕು ಜನರ ಮನೆಗೆ ಕರ್ಕೊಂಡು ಹೋಗೋ ಹಾಗೇ ಇಲ್ಲ ಕಣ್ರೀ" ಎಂದು ನನ್ನ ಹೆಂಡತಿ ವಿಮಲಾ ದಾರಿಯುದ್ದಕ್ಕೂ ಅನ್ನುತ್ತಾಳೆ. ತಪ್ಪು ನನ್ನದಲ್ಲ, ಉದ್ಯೋಗದ್ದು. ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನ ಉಷ್ಣ ವಿದ್ಯುತ್ ಸ್ಥಾವರದಲ್ಲಿ ನನ್ನ ಕೆಲಸವೆಂದರೆ ಟರ್ಬೈನಿನ ಉದ್ದುದ್ದ ಶಾಫ್ಟ್‌ಗಳನ್ನು ಒಂದಕ್ಕೊಂದು ನೇರವಾಗಿ ಕೂರಿಸುವುದು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಇಡೀ ಮಹಡಿ ಚಳಿಜ್ವರ ಬಂದವರ ಹಾಗೆ ನಡುಗುತ್ತದೆ. ಆಯುಷ್ಯವಿಡೀ ಕೂದಲೆಳೆ ಹುಡುಕಿದವನಿಗೆ ತಾತನ ಫೋಟೋ ಕಾಣದೆ ಇರುತ್ತದೆಯೇ?

ಈ ಚಾಳಿಗೆ ನಿಜವಾದ ಹಬ್ಬವೆಂದರೆ ವಿಶಾಖಪಟ್ಟಣದ ಬೀಚಿನಲ್ಲಿ ಚಳಿಗಾಲಕ್ಕೆ ನಡೆಯುತ್ತಿದ್ದ ವಿಮಾನ ಪ್ರದರ್ಶನ. ವಿಮಲಾಳ ತಮ್ಮ ನಾಗರಾಜ ಬ್ಯಾಂಕ್ ಅಧಿಕಾರಿ. ತುಮಕೂರಿನಿಂದ ವರ್ಗವಾಗಿ ಬಂದವನು ಆ ಊರಂಚಿನ ಪೆಂದುರ್ತಿಯಲ್ಲಿ ಮನೆ ಮಾಡಿದ್ದ. ಅವನ ಮನೆಯಲ್ಲಿ ಗಂಟು ಇಳಿಸಿ, ಮಧ್ಯಾಹ್ನವೇ ಹೋಗಿ ಮರಳಿನ ಮೇಲೆ ಜಮಖಾನ ಹಾಸಿ, ಮುರಿ ಮಿಕ್ಸ್ಚರ್ ಎಂಬ ಅಲ್ಲಿಯ ಮಂಡಕ್ಕಿ ತಿನ್ನುತ್ತ ಆಕಾಶ ನೋಡುತ್ತ ಕೂರುವುದು. ಆ ದಿನಗಳನ್ನು ನೆನೆದರೆ ಈಗಲೂ ನಾಲಗೆಯ ಮೇಲೆ ನಿಂಬೆಹುಳಿ, ಹಲ್ಲಿನ ಸಂದಿಯಲ್ಲಿ ಮರಳು. ಇದ್ದಕ್ಕಿದ್ದಂತೆ ಬೆಟ್ಟದ ಕಡೆಯಿಂದ ಗುಡುಗು. ಒಂಬತ್ತು ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗಿಸಿದಂತೆ ವಜ್ರದಾಕಾರ ಕಟ್ಟಿಕೊಂಡು ತಲೆಯ ಮೇಲೆ ಬಂದವೆಂದರೆ ನಾನು ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ, ಮಧ್ಯದ ಸಂದು ಅಳೆಯುತ್ತಿದ್ದೆ. ಎಲ್ಲ ಸಂದೂ ಒಂದೇ ಸಮ! ವಿಮಲಾ ಮಾತ್ರ ಆಗ ಕಡಲೆಕಾಯಿ ಸುಲಿಯುತ್ತಿದ್ದಳು. ಅವಳು ಕಾಯುತ್ತಿದ್ದದ್ದು ಗುಂಪು ಬಿಟ್ಟು ಒಂಟಿಯಾಗಿ ಬರುವ ವಿಮಾನಕ್ಕೆ. ಅದು ತಲೆಕೆಳಗಾಗಿ ಬರುವುದು, ಸಮುದ್ರದ ಕಡೆ ಮಾಯವಾಗಿ ಜನರ ಬೆನ್ನ ಹಿಂದಿನಿಂದ ಬಂದು ಎದೆ ಝಲ್ಲೆನ್ನಿಸುವುದು, ಬಣ್ಣದ ಹೊಗೆ ಬಿಡುವುದು. ಆಗ ಅವಳೂ ನಾಗರಾಜನೂ ಎದ್ದು ನಿಂತು ಕೂಗುತ್ತಿದ್ದರು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಾಯ್ತು, ಆ ಹೊಗೆಯಿಂದ ವಿಮಾನ ನೆಟ್ಟಗೆ ಹಾರುತ್ತೇನೆ?" ಎಂದು ನಾನು. "ನೆಟ್ಟಗೆ ಹೋಗೋದನ್ನ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ ಭಾವ? ನಮ್ಮೂರ ಬಸ್ಸೂ ನೆಟ್ಟಗೇ ಹೋಗುತ್ತೆ" ಎಂದು ನಾಗರಾಜ. ಈ ಜಗಳ ಪೆಂದುರ್ತಿಯ ಮನೆಯ ಊಟದ ಎಲೆಯವರೆಗೂ ಬರುತ್ತಿತ್ತು.

ಒಂದು ವರ್ಷ ನಮ್ಮ ಜೊತೆಗೆ ಪಾಟೀಲರೂ ಅವರ ಹೆಂಡತಿ ಗಿರಿಜಕ್ಕನೂ ಬಂದಿದ್ದರು. ಪಾಟೀಲರು ಧಾರವಾಡದ ಕಡೆಯವರು, ನನಗಿಂತ ಹಿರಿಯರು, ಈ ಕೂದಲೆಳೆ ವಿದ್ಯೆ ಕಲಿಸಿದ ಗುರುಗಳು. ಅವರು ಕೂರಿಸಿದ ಯಂತ್ರ ಓಡುವಾಗ ಅದರ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದರೆ ಬೀಳುತ್ತಿರಲಿಲ್ಲ. ಸಾಹೇಬರುಗಳು ಯಾರಾದರೂ ಮಂತ್ರಿ ಬಂದಾಗ ಆ ನಾಣ್ಯ ನಿಲ್ಲಿಸಿ ತೋರಿಸುವರು, ಚಪ್ಪಾಳೆ ಬೀಳುವುದು. ಆ ಹೊತ್ತಿಗೆ ಪಾಟೀಲರು ಎಲ್ಲೋ ಕಂಬದ ಹಿಂದೆ. "ಇದೇನು ಸರ್ಕಸ್ ಏನೋ ಮೂರ್ತಿ" ಎಂದು ನನ್ನ ಹತ್ತಿರ ಗೊಣಗುವರು. ಎಲೆಮರೆಯ ಕಾಯಿ ಅನ್ನುತ್ತಾರಲ್ಲ, ಇವರು ಎಲೆಗಳನ್ನು ತಾವೇ ಎಳೆದು ಹೊದ್ದುಕೊಳ್ಳುವ ಜಾತಿ. ಆ ದಿನ ಬೀಚಿನಲ್ಲಿ ಅವರೂ ನನ್ನಂತೆಯೇ ಹೆಬ್ಬೆರಳು ಎತ್ತಿದ್ದರು. "ಹಿಂದಿನವರು ಮುಂದಿನ ವಿಮಾನ ಬಿಟ್ಟು ಬ್ಯಾರೇ ಏನೂ ನೋಡಂಗಿಲ್ಲಂತ. ಆಕಾಶ ಇಲ್ಲ, ಸಮುದ್ರ ಇಲ್ಲ, ಮಂದಿ ಇಲ್ಲ. ಕೆಲಸ ಅಂದ್ರ ಹಿಂಗಿರಬೇಕು" ಎಂದರು. ಗಿರಿಜಕ್ಕ ಅವರತ್ತ ತಿರುಗದೆ ನನ್ನ ಹೆಂಡತಿಗೆ ಹೇಳಿದ ಮಾತು ನನ್ನ ಕಿವಿಗೂ ಬಿತ್ತು. "ನೋಡ ವಿಮಲಾ, ಇವರು ಇಷ್ಟ ಮಂದಿ ಮುಂದ ಮಾಡಿ ತೋರಸ್ತಾರ. ನಮ್ಮವರು ಆ ಗೇಟಿನ ಒಳಗ ಏನ ಮಾಡ್ತಾರಂತ ನಾನು ಒಂದು ದಿನಾನೂ ಕಂಡಿಲ್ಲ. ಯಂತ್ರ ಕೆಟ್ಟರ ರಾತ್ರಿ ಕರೀಲಿಕ್ಕೆ ಬರ್ತಾರ, ಚಲೋ ನಡದ್ರ ಯಾರೂ ಹೆಸರ ತಗಿಯಂಗಿಲ್ಲ. ರಿಟೈರ್ ಆದ ದಿನಾ ಆದರೂ ಯಾರರೆ ನಾಕು ಮಂದಿ ಇವರ ಸಲುವಾಗಿ ಮನೀ ತನಕ ಬಂದ್ರ ಸಾಕು." ಇದನ್ನು ಕೇಳಿ ನನಗೆ ಬಹಳ ಸಂಕಟವಾಯಿತು. ಮುರಿ ಮಿಕ್ಸ್ಚರ್ ಕೂಡ ರುಚಿಸಲಿಲ್ಲ.

ನಮ್ಮ ಕಡೆ ಕಾರ್ಖಾನೆಗಳಲ್ಲಿ ಒಂದು ಪದ್ಧತಿಯಿದೆ. ನಿವೃತ್ತರಾದವರನ್ನು ಕೊನೆಯ ದಿನ ವಿಭಾಗದವರೆಲ್ಲ ಹಾರ ಹಾಕಿ, ಮೆರವಣಿಗೆಯಲ್ಲಿ ಕರೆತಂದು, ಕ್ವಾರ್ಟರ್ಸಿನ ಬಾಗಿಲಲ್ಲಿ ಹೆಂಡತಿಯ ಕೈಗೆ ಒಪ್ಪಿಸುವುದು. ಮುಂದೆ ದಪ್ಪು, ಅಂದರೆ ತಮಟೆ, ಬಾರಿಸುವವರು, ಹಿಂದೆ ಪಟಾಕಿ. ಪಾಟೀಲರ ಸರದಿ ಬಂದಾಗ ಅವರು ಕೈ ಮುಗಿದುಬಿಟ್ಟರು. "ದಪ್ಪು ಬ್ಯಾಡ, ಪಟಾಕಿ ಬ್ಯಾಡ. ಸ್ಕೂಟರ್ ಹತ್ತಿ ಸುಮ್ಮನ ಮನಿಗೆ ಹೋಗ್ತೀನಿ." ಇತ್ತ ಗಿರಿಜಕ್ಕನ ಆಸೆ, ಅತ್ತ ಗುರುಗಳ ಹಟ. ಎರಡಕ್ಕೂ ಒಪ್ಪುವ ಉಪಾಯವೊಂದು ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನುವಾಗ ನನ್ನ ತಲೆಗೆ ಹೊಳೆಯಿತು. ವಜ್ರವ್ಯೂಹ! ಒಂಬತ್ತು ಸ್ಕೂಟರು, ಮುಂದೆ ಒಂದು, ಆಮೇಲೆ ಎರಡು, ಮೂರು, ಎರಡು, ಹಿಂದೆ ಒಂದು. ನಟ್ಟನಡುವೆ ಪಾಟೀಲರು ತಮ್ಮದೇ ಹಳೆಯ ಸ್ಕೂಟರಿನಲ್ಲಿ. ಸದ್ದಿಲ್ಲ, ಗದ್ದಲವಿಲ್ಲ, ಬರಿಯ ಶಿಸ್ತು. ಗುರುಗಳಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ? ಪಾಟೀಲರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಸಂದು ಸಮ ಇರಬೇಕು ನೋಡ" ಎಂದರು. ಅಂದರೆ ಒಪ್ಪಿಗೆ.

ಮನೆಯಲ್ಲಿ ವಿಮಲಾ ಒಪ್ಪಲಿಲ್ಲ. "ಗಿರಿಜಕ್ಕ ಕೇಳಿದ್ದು ಸಂಭ್ರಮ. ನೀವು ಕೊಡ್ತಿರೋದು ಜಾಮಿಟ್ರಿ. ಒಂದು ದಪ್ಪು ಇರ್ಲಿ, ಒಂಚೂರು ಬಣ್ಣ ಇರ್ಲಿ" ಎಂದಳು. ಹಾರನ್ ಕೂಡ ಹೊಡೆಯಕೂಡದೆಂದು ನಾನು ಆಗಲೇ ಕಟ್ಟಪ್ಪಣೆ ಮಾಡಿದ್ದೆ. ಹಾರನ್ ಹೊಡೆದ ವಿಮಾನವನ್ನು ಯಾರಾದರೂ ಕಂಡಿದ್ದಾರೆಯೇ? ಕಾಲನಿಯ ಮೈದಾನದಲ್ಲಿ ಸಂಜೆಸಂಜೆ ತಾಲೀಮು ಶುರುವಾಯಿತು. ವಿಜಯವಾಡದ ಬೆಂಜ್ ಸರ್ಕಲ್‌ನಲ್ಲಿ ದಿನವೂ ಎಮ್ಮೆಗೂ ಬಸ್ಸಿಗೂ ನಡುವೆ ನುಗ್ಗಿ ಪಳಗಿದ ವೀರರು ನನ್ನ ಗೆಳೆಯರು. ಸಂದಿ ಕಂಡರೆ ತೂರುವುದೇ ಅವರ ಧರ್ಮ. ಅಂಥವರಿಗೆ ಸಂದಿಯನ್ನು ಸಂದಿಯಾಗಿಯೇ ಉಳಿಸುವುದನ್ನು ಕಲಿಸಲು ನನ್ನ ಗಂಟಲು ಹರಿಯಿತು. ಅದರಲ್ಲೂ ಅಪ್ಪಾರಾವ್, ಒಳ್ಳೆಯ ವೆಲ್ಡರ್, ಮಾತಿನ ಮಲ್ಲ. ನನ್ನ ಬೆನ್ನ ಹಿಂದೆ ಬಲಕ್ಕೆ ಇದ್ದುಕೊಂಡು, "ಮೂರ್ತಿಗಾರೂ, ಒಂದು ಡೌಟು ಅಂಡಿ" ಎಂದು ಶುರುಮಾಡುತ್ತಿದ್ದ. "ಡೌಟು ಗೀಟು ಇಲ್ಲ. ಮುಂದಿನವನನ್ನು ನೋಡು, ಬೇರೇನೂ ನೋಡಬೇಡ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಕೊನೆಕೊನೆಗೆ ಮೈದಾನದಲ್ಲಿ ಎಂಥ ವಜ್ರ ಕಟ್ಟಿದೆವೆಂದರೆ, ವಾಕಿಂಗ್ ಬಂದ ಹಿರಿಯರು ಕೋಲು ಊರಿ ನಿಂತು ನೋಡಿದರು.

ಆ ದಿನ ಬಂತು. ಪ್ಲಾಂಟಿನ ಗೇಟಿನಿಂದ ಹೊರಟೆವು. ಮುಂದೆ ನಾನು, ಸ್ಪೀಡೋಮೀಟರಿನ ಮುಳ್ಳಿನ ಮೇಲೆ ಕಣ್ಣು, ಒಂದೇ ವೇಗ. ಕನ್ನಡಿಯಲ್ಲಿ ನೋಡಿದರೆ ಆಹಾ, ಸಂದೆಲ್ಲ ಸಮ. ಮಧ್ಯದಲ್ಲಿ ಹಾರ ಹಾಕಿಕೊಂಡ ಪಾಟೀಲರು, ಮುಖದಲ್ಲಿ ಪರಮಾನಂದ. ಕ್ವಾರ್ಟರ್ಸಿನ ಬೀದಿಗೆ ತಿರುಗಿದೆವು. ದೂರದಲ್ಲಿ ಗಿರಿಜಕ್ಕ ರೇಷ್ಮೆ ಸೀರೆಯುಟ್ಟು, ಆರತಿ ತಟ್ಟೆ ಹಿಡಿದು ನಿಂತದ್ದು ಕಂಡಿತು. ಆಗ ಹೊಳೆಯಿತು. ನಾವು ಹೊರಡುವುದನ್ನು ಅಭ್ಯಾಸ ಮಾಡಿದ್ದೆವು, ಹೋಗುವುದನ್ನು ಅಭ್ಯಾಸ ಮಾಡಿದ್ದೆವು, ನಿಲ್ಲುವುದನ್ನು ಮಾಡಿರಲಿಲ್ಲ! ಅಪ್ಪಾರಾವನ ಡೌಟೂ ಇದೇ ಇದ್ದಿರಬೇಕು. ಹೇಗೆ ನೆನಪಾಗಬೇಕು ಹೇಳಿ? ನಮ್ಮ ವಿಭಾಗದವರು ಯಂತ್ರವನ್ನು ಕೂರಿಸುತ್ತೇವೆ, ಅದು ಓಡುತ್ತದೆ. ನಿಲ್ಲಿಸುವುದು ಕಂಟ್ರೋಲ್ ರೂಮಿನವರ ಕೆಲಸ, ನಮಗೆ ಸಂಬಂಧವಿಲ್ಲ. ಈಗ ನಾನು ಬ್ರೇಕ್ ಹಾಕಿದರೆ ನನ್ನನ್ನೇ ನೋಡುತ್ತ ಬರುವ ಅಷ್ಟೂ ಜನ ಒಬ್ಬರ ಮೇಲೊಬ್ಬರು. ಹಾರನ್ ನಾನೇ ನಿಷೇಧಿಸಿದ್ದೆ. ಕೈಸನ್ನೆ ಕಲಿಸಿರಲಿಲ್ಲ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನಲು ದೈವದ ಪಾಲೇನೂ ಇದರಲ್ಲಿರಲಿಲ್ಲ. ಗಿರಿಜಕ್ಕನ ಮುಂದೆ, ಅವರ ಆರತಿಯ ಮುಂದೆ, ಅವರ ಗಂಡನನ್ನು ನಟ್ಟನಡುವೆ ಇಟ್ಟುಕೊಂಡು, ನಾವು ಅತ್ಯಂತ ಶಿಸ್ತಿನಿಂದ ಮುಂದಕ್ಕೆ ಹೋದೆವು.

"ಇಲ್ಲು ದಾಟಿಪೋಯಿಂದಿ ಸಾರ್!" ಎಂದು ಅಪ್ಪಾರಾವ್ ಕಿರುಚಿದ. "ಏ ಮೂರ್ತಿ, ನನ್ನ ಮನಿ ಹಿಂದ ಉಳೀತೋ!" ಎಂದು ಪಾಟೀಲರು. ಆದರೆ ನೋಡಿ ಆ ಮನುಷ್ಯನ ನಿಷ್ಠೆ, ಮನೆ ಹೋದರೂ ಸಂದು ಬಿಡಲಿಲ್ಲ! ಕಾಲನಿಯ ಗೇಟು ಬಂತು. ಕಾವಲಿನವನು ಯಾರೋ ದೊಡ್ಡವರೆಂದುಕೊಂಡು ಸಲ್ಯೂಟ್ ಹೊಡೆದು ಅಡ್ಡಗಂಬ ಎತ್ತಿದ. ನಾವು ಹೆದ್ದಾರಿ ಸೇರಿದೆವು. ನಾನು ಹಾಗೆಯೇ ಬೆಂಜ್ ಸರ್ಕಲ್‌ವರೆಗೂ ಕರೆದೊಯ್ಯುತ್ತಿದ್ದೆನೋ ಏನೋ, ಅಷ್ಟರಲ್ಲಿ ಬೂದಿ ತುಂಬಿದ ಲಾರಿಯೊಂದು ಅಡ್ಡ ಬಂದು ವಜ್ರ ಒಡೆದು ಚೂರಾಯಿತು. ಒಬ್ಬೊಬ್ಬರು ಒಂದೊಂದು ಕಡೆ. ಯಾರಿಗೂ ಏಟಾಗಲಿಲ್ಲ, ಸದ್ಯ. ಪಾಟೀಲರು ಸ್ಕೂಟರ್ ತಿರುಗಿಸಿದರು, ಹಿಂದೆಯೇ ನಾವೆಲ್ಲ. ಗಿರಿಜಕ್ಕನ ಮುಖ ನೆನೆದು ನನಗೆ ಅಳು ಬರುವುದೊಂದು ಬಾಕಿ. ಜೀವಮಾನದಲ್ಲಿ ಆಕೆ ಕೇಳಿದ್ದು ಒಂದೇ ಒಂದು, ಗಂಡನಿಗಾಗಿ ನಾಲ್ಕು ಜನ ಮನೆಯವರೆಗೆ ಬರಲಿ ಎಂದು. ನಾವು ಮನೆಯವರೆಗೆ ಬಂದು, ಮುಂದಕ್ಕೆ ಹೋಗಿದ್ದೆವು.

ಕಾಲನಿಯ ಗೇಟಿನ ಬಳಿ ಕಿವಿಗೆ ದಪ್ಪಿನ ಸದ್ದು ಬಿತ್ತು. ನನ್ನ ಕಣ್ಣಿಗೆ ಮಣ್ಣೆರಚಿ ವಿಮಲಾ ನೀರಿನ ಟ್ಯಾಂಕಿನ ಹಿಂದೆ ದಪ್ಪಿನವರನ್ನು ಕೂರಿಸಿದ್ದಳು. ನಾಗರಾಜ ಪೆಂದುರ್ತಿಯಿಂದ ರೈಲಿನಲ್ಲಿ ಕೆಂಪು ಹಳದಿ ಬಣ್ಣದ ಪುಡಿ ಹೊತ್ತು ತಂದಿದ್ದ. "ಭಾವ, ಇನ್ಮೇಲೆ ನಮಗೆ ಬಿಡಿ" ಎಂದು ನನ್ನ ತಲೆಯ ಮೇಲೇ ಮೊದಲ ಹಿಡಿ ಎರಚಿದ. ಆಮೇಲಿನದೆಲ್ಲ ಬೆಂಜ್ ಸರ್ಕಲ್ಲೇ. ಸಂದು ಕಂಡಲ್ಲಿ ತೂರಿದರು, ಹಾರನ್ ಹೊಡೆದರು, ಅಪ್ಪಾರಾವ್ ಸೀಟಿನ ಮೇಲೆ ಎದ್ದುನಿಂತು ಶಿಳ್ಳೆ ಹಾಕಿದ. ಅಕ್ಕಪಕ್ಕದ ಕ್ವಾರ್ಟರ್ಸಿನವರೆಲ್ಲ ಹೊರಬಂದು ಜೊತೆಗೆ ಸೇರಿದರು. ಪಾಟೀಲರ ಹಾರ ಒಂದು ಕಿವಿಗೆ ಸಿಕ್ಕಿಕೊಂಡು, ಮುಖ ಅರ್ಧ ಕೆಂಪು ಅರ್ಧ ಹಳದಿಯಾಗಿ, ಗುರುಗಳು ನಗುತ್ತಿದ್ದರು. ಅವರ ಹಲ್ಲನ್ನು ನಾನು ನೋಡಿದ್ದೇ ಅಂದು. ಗಿರಿಜಕ್ಕ ಆರತಿ ಎತ್ತುತ್ತ, "ಇಷ್ಟೂ ಮಂದಿ ನಿಮ್ಮ ಸಲುವಾಗಿ ಬಂದಾರೇನ್ರಿ?" ಎಂದರು. ಕಂಬದ ಹಿಂದೆ ನಿಲ್ಲುತ್ತಿದ್ದ ಆ ಮನುಷ್ಯ ಸುತ್ತ ಒಮ್ಮೆ ನೋಡಿ, "ಹೂಂ. ನನ್ನ ಸಲುವಾಗೇ" ಎಂದರು. ಅಲ್ಲಿದ್ದ ಗಂಡಸರೆಲ್ಲ ಬಣ್ಣ ಬಿತ್ತೆಂದು ಕಣ್ಣೊರೆಸಿಕೊಂಡೆವು. ಆಮೇಲೆ ಗಿರಿಜಕ್ಕ ನನ್ನ ಕಡೆ ತಿರುಗಿ, "ಖರೇನ ಮೂರ್ತಿಯವರ, ಏನ ತಲಿ ನಿಮ್ದು! ಮೊದಲ ಸುಮ್ಮನ ದಾಟಿ ಹೋಗಿ ನನ್ನ ಎದಿ ಝಲ್ ಅನಿಸಿ, ಆಮ್ಯಾಲೆ ಹಿಂದಿಂದ ಹೊಳ್ಳಿ ಬಂದ್ರಲ್ಲ, ಥೇಟ್ ಆ ಒಂಟಿ ವಿಮಾನದಾಂವ ಮಾಡಿದಂಗ!" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ವಿಮಲಾ ನನ್ನ ಕಾಲು ತುಳಿದಳು.

ಪಾಟೀಲ ದಂಪತಿ ಧಾರವಾಡ ಸೇರಿದರು. ನನಗೂ ನಿವೃತ್ತಿಯಾಗಿ, ನಾವೂ ಪೆಂದುರ್ತಿಯಲ್ಲಿ ನಾಗರಾಜನ ಮನೆಯ ಹತ್ತಿರವೇ ಒಂದು ಫ್ಲ್ಯಾಟ್ ಹಿಡಿದಿದ್ದೇವೆ. ನಮ್ಮ ಮಗಳು ಅರ್ಧ ತೆಲುಗಿನಲ್ಲಿ ಗದರಿಸುತ್ತಾಳೆ, "ಆ ಗುಂಪಲ್ಲಿ ಯಾಕಪ್ಪಾ ಹೋಗ್ತೀರಾ, ಟಿವಿಲೋ ಚೂಡೊಚ್ಚು ಕದಾ, ಮನೇಲೇ ಕೂತು ನೋಡಿ" ಎಂದು. ಆದರೂ ವಿಮಾನಗಳು ಬರುವ ವರ್ಷ ಬೀಚಿಗೆ ಹೋಗುತ್ತೇವೆ. ಮೊನ್ನೆ ಹೋದಾಗ ಮರಳಿನ ಮೇಲಿಂದಲೇ ಗಿರಿಜಕ್ಕನಿಗೆ ಫೋನ್ ಹಚ್ಚಿದೆವು. ಆಕೆ ತಮ್ಮ ಮನೆಗೆ ಬಂದ ಯಾರಿಗೋ ಆ ಮೆರವಣಿಗೆಯ ಕಥೆಯನ್ನೇ ಹೇಳುತ್ತಿದ್ದರು. ವರ್ಷದಿಂದ ವರ್ಷಕ್ಕೆ ಅದು ಬೆಳೆಯುತ್ತಿದೆ. ದಪ್ಪಿನವರು ಬ್ಯಾಂಡ್ ಸೆಟ್ ಆಗಿದ್ದಾರೆ, ಕಾವಲಿನವನ ಸಲ್ಯೂಟ್ ಪೊಲೀಸ್ ವಂದನೆಯಾಗಿದೆ. "ಮೂರ್ತಿಯವರ, ನೀವ ಹೇಳ್ರಿ ಇವರಿಗೆ, ನಮ್ಮವರ ಸಲುವಾಗಿ ನಲವತ್ತು ಸ್ಕೂಟರ್ ಬಂದಿದ್ದುವೋ ಇಲ್ಲೋ?" ಎಂದು ಫೋನನ್ನು ಸ್ಪೀಕರಿಗೆ ಹಾಕಿದರು. ಪಕ್ಕದಲ್ಲೇ ಪಾಟೀಲರು ಕೆಮ್ಮಿದ್ದು ಕೇಳಿಸಿತು. ಕೂದಲೆಳೆಯ ತಪ್ಪಿಗೆ ಇಡೀ ಟರ್ಬೈನ್ ಬಿಚ್ಚಿಸಿದ ಮನುಷ್ಯ, ಆದರೆ ತಿದ್ದಲಿಲ್ಲ. ವಿಮಲಾ ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಲೇಬೇಕು, ಅದು ನನ್ನ ಹುಟ್ಟುಗುಣ.

"ನಲವತ್ತಲ್ಲ ಗಿರಿಜಕ್ಕ" ಎಂದೆ, "ನಲವತ್ತೊಂದು."