ಈಶಾನ್ಯಕ್ಕೆ ಬಂದ ಪೆಟ್ಟಿಗೆ

ಪೆಟ್ಟಿಗೆಗೆ ಎಪ್ಪತ್ತೆರಡು ಸಾವಿರ. ಅದರ ಮೇಲೆ ಜಿಎಸ್‌ಟಿ. ವರ್ಷದ ಲೈಸೆನ್ಸಿಗೆ ಹದಿನೆಂಟು ಸಾವಿರ. ಪೂಜೆಗೆ ಹೂವು, ಬೂದುಗುಂಬಳ, ನಿಂಬೆಹಣ್ಣು ಸೇರಿ ಆರುನೂರು. ನಿರ್ದೇಶಕರ ಬಾಯಿ ಸಿಹಿ ಮಾಡಲು ಮೈಸೂರ್‌ಪಾಕ್ ಸಾವಿರದ ಇನ್ನೂರು. ಇಷ್ಟನ್ನೂ ಮಂಜೂರು ಮಾಡಿಸಿಕೊಳ್ಳಲು ಗಿರಿರಾಜ ಸವೆಸಿದ ಚಪ್ಪಲಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಗಿರಿರಾಜ ಬಸವೇಶ್ವರನಗರದ ಸೋಪಾನ ಪತ್ತಿನ ಸಹಕಾರ ಸಂಘದ ಕಂಪ್ಯೂಟರ್ ನೋಡಿಕೊಳ್ಳುವವನು. ಮನೆ ಉಲ್ಲಾಳದಲ್ಲಿ. ಸಂಘದ ಕಂಪ್ಯೂಟರಿಗೋ ವಾರವೆಲ್ಲ ಗುಂಡುಕಲ್ಲಿನಂಥ ಆರೋಗ್ಯ, ಭಾನುವಾರ ಬಂದರೆ ಕಾಯಿಲೆ. ಆಗ ಗಿರಿರಾಜ ಊಟದ ತಟ್ಟೆ ಬಿಟ್ಟು ಬಸ್ಸು ಹಿಡಿಯಬೇಕು. ಮಗಳ ನಾಮಕರಣದ ದಿನವೂ ಹಾಗೇ ಆಯಿತು. ಆ ಫೋಟೋದಲ್ಲಿ ತೊಟ್ಟಿಲ ಸುತ್ತ ಎಲ್ಲರೂ ಇದ್ದಾರೆ, ಸಿಲಿಂಡರ್ ಕೊಡಲು ಬಂದವನೂ ಹಲ್ಲು ಕಿರಿದು ನಿಂತಿದ್ದಾನೆ. ಅಪ್ಪ ಇಲ್ಲ.

ನಾಳೆ ಭಾನುವಾರ. ಮಲ್ಲತ್ತಹಳ್ಳಿಯಲ್ಲಿ ಹೆಂಡತಿಯ ಅಣ್ಣ ಚನ್ನವೀರೇಶನ ಮನೆಯ ಗೃಹಪ್ರವೇಶ.

"ನಾಳೆ ಮಧ್ಯದಲ್ಲಿ ಎದ್ದು ಹೋದ್ರೆ ವಾಪಸ್ ಮನೆಗೆ ಬರೋ ತೊಂದ್ರೆ ತಗೋಬೇಡಿ. ದಿಂಬು ಆಫೀಸಿಗೇ ಕಳಿಸ್ತೀನಿ," ಎಂದಳು ಶಿವರಂಜನಿ, ಬೆಳಿಗ್ಗೆ ಡಬ್ಬಿ ಕಟ್ಟುತ್ತಾ.

"ಇವತ್ತು ಆ ಪೆಟ್ಟಿಗೆ ಕೂರಿಸಿಬಿಟ್ರೆ ಮುಗೀತು ಕಣೇ. ಆಮೇಲೆ ಮನೇಲಿ ಕೂತೇ ಆಫೀಸಿನ ಕಂಪ್ಯೂಟರ್ ಸರಿ ಮಾಡ್ಬೋದು."

"ನಾಮಕರಣದಿಂದ ಇದನ್ನೇ ಕೇಳ್ತಾ ಇದೀನಿ. ವಚನಾಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರ್ತಾ ಇದೆ."

ಅವನು ಸಂಘಕ್ಕೆ ಬಂದಾಗ ಜವಾನ ಮರೆಪ್ಪ ಮೇನ್ ಸ್ವಿಚ್ ಎತ್ತಿ, ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಹಿಂದೊಮ್ಮೆ ವೈರು ಸುಟ್ಟು, ಗೋಡೆಯ ಮೇಲಿದ್ದ ಸಂಸ್ಥಾಪಕರ ಫೋಟೋ ಅರ್ಧ ಮೀಸೆ ಕಳೆದುಕೊಂಡಿತ್ತು. ಅಂದಿನಿಂದ ಸಂಜೆ ಬಾಗಿಲು ಹಾಕುವಾಗ ಮೇನ್ ಇಳಿಸುವುದು ಸಂಘದ ವ್ರತ. ಶೌಚಾಲಯದ ಪಕ್ಕದ ಸರ್ವರ್ ಬೀರುವಿಗೆ ಮಾತ್ರ ಗಿರಿರಾಜ ಜಗಳ ಆಡಿ, ಮೇನ್ ಇಳಿಸಿದರೂ ಆರದ ಬೇರೆ ಲೈನ್ ಎಳೆಸಿದ್ದ.

ಆ ಬೀರುವಿನಲ್ಲಿ ಫೈರ್‌ವಾಲ್ ಇತ್ತು. ಬೀದಿಯ ಇಂಟರ್ನೆಟ್ಟಿಗೂ ಒಳಗಿನ ಲೆಕ್ಕಪತ್ರಕ್ಕೂ ನಡುವೆ ಕೂತ ಕಾವಲುಗಾರ. ಹೊಸ ವಿಪಿಎನ್ ಪೆಟ್ಟಿಗೆ, ಮನೆಯಿಂದ ಬರುವ ನಮ್ಮವರನ್ನು ಗುರುತು ಹಿಡಿದು ಒಳಗೆ ಕರೆತರುವ ಯಂತ್ರ. ಇದನ್ನು ಕಾವಲುಗಾರನ ಹೊರಗೆ ಇಡಬೇಕೋ, ಒಳಗೋ, ಪಕ್ಕದಲ್ಲೋ? ಗಿರಿರಾಜನಿಗೆ ಉತ್ತರ ಗೊತ್ತಿತ್ತು. ತೊಂದರೆ ಏನೆಂದರೆ, ಉಳಿದವರಿಗೂ ಗೊತ್ತಿತ್ತು.

"ಹೊರಗಡೆ ಇಡಪ್ಪ," ಎಂದರು ಅಧ್ಯಕ್ಷ ಬಸವಲಿಂಗಪ್ಪ. "ಬರೋರು ಮೊದಲು ಅದನ್ನೇ ನೋಡ್ಬೇಕು. ಮದುವೆ ಮನೇಲಿ ಪನ್ನೀರು ಚಿಮುಕಿಸೋರು ಎಲ್ಲಿ ನಿಂತಿರ್ತಾರೆ? ಬಾಗಿಲಲ್ಲಿ ತಾನೆ?"

ಮ್ಯಾನೇಜರ್ ಕಲ್ಯಾಣಮ್ಮ ಕನ್ನಡಕ ಏರಿಸಿದರು. "ಇನ್ನೂರು ರೂಪಾಯಿ ಚಪ್ಪಲಿ ಹೊರಗೆ ಬಿಟ್ರೆ ಇರಲ್ಲ ಈ ಏರಿಯಾದಲ್ಲಿ. ಎಪ್ಪತ್ತು ಸಾವಿರದ್ದು ಇಡ್ತಾರಾ ಸಾರ್? ಒಳಗಡೆ ಇಡಿ ಗಿರಿ, ನನ್ನ ಕಣ್ಣೆದುರಿಗೆ."

"ಹಂಗಲ್ಲ ಮೇಡಂ." ಗಿರಿರಾಜ ತನ್ನ ಊಟದ ಡಬ್ಬಿಯನ್ನೇ ಮೇಜಿನ ಮೇಲಿಟ್ಟ. "ಮನೆಯಿಂದ ನಾವು ಕಳಿಸೋದು ಬೀಗ ಹಾಕಿದ ಡಬ್ಬಿ. ಬೀಗ ತೆಗೆಯೋದು ಈ ಪೆಟ್ಟಿಗೆ. ಇದು ಹೊರಗಿದ್ರೆ ಬೀದೀಲಿ ಕೂತಂಗೆ, ಹೋಗೋರು ಬರೋರೆಲ್ಲ ಇದನ್ನೇ ಒದೀತಾರೆ. ಒಳಗಿದ್ರೆ, ಕಾವಲುಗಾರ ಡಬ್ಬೀನ ಮುಚ್ಚಿದಂಗೇ ಒಳಗೆ ಬಿಡ್ಬೇಕು. ಅದರಲ್ಲಿ ಹಾವಿದ್ರೂ ಅವನಿಗೆ ಗೊತ್ತಾಗಲ್ಲ. ಅದಕ್ಕೇ ಪಕ್ಕದಲ್ಲಿ, ಬೇರೆ ಕೋಣೆ ಥರ. ಅಲ್ಲಿ ಡಬ್ಬಿ ತೆಗೀಬೇಕು. ತೆಗೆದಿದ್ದನ್ನ ಕಾವಲುಗಾರ ಇನ್ನೊಂದ್ಸಲ ನೋಡಿ ಒಳಗೆ ಬಿಡ್ಬೇಕು."

ಕಲ್ಯಾಣಮ್ಮ ಡಬ್ಬಿಯ ಮುಚ್ಚಳ ಎತ್ತಿ ನೋಡಿದರು. "ಹಾವಿಲ್ಲ. ಚಿತ್ರಾನ್ನ ಇದೆ."

ಚಿತ್ರಾನ್ನ ಅರ್ಧ ಖಾಲಿಯಾಗುವ ಹೊತ್ತಿಗೆ ಇಬ್ಬರೂ ಒಪ್ಪಿದರು. ಗಿರಿರಾಜ ಉಸಿರು ಬಿಟ್ಟ. ಅಷ್ಟರಲ್ಲಿ ನಿರ್ದೇಶಕ ಕರಿಬಸಪ್ಪ ಬಂದರು. ಇವರಿಗೆ ಹಾರ್ಡ್‌ವೇರ್ ಅಂಗಡಿ ಇದೆ, ಜೊತೆಗೆ ವಾಸ್ತು ಗೊತ್ತು. ಸ್ವಂತ ಮನೆಯ ಅಡುಗೆ ಕೋಣೆಯನ್ನು ನಾಲ್ಕು ದಿಕ್ಕಿಗೂ ತಿರುಗಿಸಿ, ಈಗ ಹೋಟೆಲಿನಿಂದ ತರಿಸಿ ಉಣ್ಣುವ ಮನುಷ್ಯ.

"ಎಲ್ಲಿಡ್ತಾ ಇದೀರ ಅದನ್ನ? ಸಂಡಾಸ್ ಪಕ್ಕದಲ್ಲಾ?" ಅವರು ಎದೆ ಮೇಲೆ ಕೈಯಿಟ್ಟುಕೊಂಡರು. "ಹೊರಗಿಂದ ಲಕ್ಷ್ಮಿ ಬರೋ ದಾರಿ ಅದು. ಈಶಾನ್ಯದಲ್ಲಿರ್ಬೇಕು. ಸಂಸ್ಥಾಪಕರ ಫೋಟೋ ಕೆಳಗೆ."

"ಸಾರ್, ಅಲ್ಲಿ ಸೀರಿಯಲ್ ಸೆಟ್ಟಿನ ಪ್ಲಗ್ ಒಂದು ಬಿಟ್ರೆ ಏನೂ ಇಲ್ಲ."

"ಪ್ಲಗ್ ಇದೆಯಲ್ಲ. ಇನ್ನೇನು ಬೇಕು ನಿನಗೆ, ಪಲ್ಲಂಗಾನಾ?"

ವಾದ ಮಧ್ಯಾಹ್ನದವರೆಗೆ ನಡೆಯಿತು. ಅಧ್ಯಕ್ಷರು ಗಡಿಯಾರ ನೋಡಿದರು. ಕಲ್ಯಾಣಮ್ಮ, "ಒಮ್ಮತ ಇಲ್ಲ ಅಂದ್ರೆ ಮುಂದಿನ ತಿಂಗಳ ಸಭೆಗೆ ಇಡೋಣ," ಎಂದರು. ಗಿರಿರಾಜನ ಕಣ್ಣ ಮುಂದೆ ಶಿವರಂಜನಿಯ ದಿಂಬು ಹಾರಿ ಬಂತು. ಆಗಲೇ ಅವನ ತಲೆಗೆ ಮಿಂಚು ಹೊಡೆದದ್ದು. ಪೆಟ್ಟಿಗೆ ಎಲ್ಲಿ ಕೂತರೇನು? ಅದರ ವೈರು ಫೈರ್‌ವಾಲಿನ ಯಾವ ಬಾಯಿಗೆ ಹೋಗುತ್ತದೆ ಎಂಬುದಷ್ಟೇ ಮುಖ್ಯ.

"ಆಯ್ತು ಸಾರ್. ಈಶಾನ್ಯದಲ್ಲೇ ಇಡೋಣ," ಎಂದ, ದೊಡ್ಡ ಮನಸ್ಸಿನಿಂದ.

"ನೋಡಿ, ಓದಿದೋನು ಬೇಗ ಅರ್ಥ ಮಾಡ್ಕೊಂಡ," ಎಂದರು ಕರಿಬಸಪ್ಪ.

ಗಿರಿರಾಜ ಮೂಲೆಯಿಂದ ಮೂಲೆಗೆ ಗೋಡೆಯುದ್ದಕ್ಕೂ ಉದ್ದನೆಯ ನೆಟ್‌ವರ್ಕ್ ವೈರು ಎಳೆದು, ಫೈರ್‌ವಾಲಿನ ಪಕ್ಕದ ಬಾಯಿಗೇ ಸಿಕ್ಕಿಸಿದ. ಕಂಪ್ಯೂಟರ್ ಶಾಸ್ತ್ರವೂ ಉಳಿಯಿತು, ವಾಸ್ತುವೂ ಉಳಿಯಿತು. ಕುಂಬಳಕಾಯಿ ಒಡೆದರು. ಅವನು ಎದುರಿನ ಟೀ ಅಂಗಡಿಗೆ ಹೋಗಿ, ಲ್ಯಾಪ್‌ಟಾಪ್ ತೆರೆದು, ಅಲ್ಲಿಂದಲೇ ಸಂಘದ ಕಂಪ್ಯೂಟರ್ ಮುಟ್ಟಿ ಬಂದ. ಚಪ್ಪಾಳೆ ಬಿತ್ತು. ಅಧ್ಯಕ್ಷರಿಗೆ ಹುರುಪು ಏರಿ, "ಹಂಗಾದ್ರೆ ನಾಳೆ ಬೆಳಿಗ್ಗೆ ಸಾಲದ ಅರ್ಜಿ ಎಲ್ಲ ಮನೆಯಿಂದಲೇ ನೋಡೋಣ. ಲುಂಗೀಲೇ ಸಭೆ," ಎಂದು ಸಾರಿದರು. ಎಲ್ಲರ ಫೋನು, ಲ್ಯಾಪ್‌ಟಾಪುಗಳಿಗೂ ಗಿರಿರಾಜ ವಿಪಿಎನ್ ಹಾಕಿಕೊಟ್ಟ.

ಸಂಜೆ ಉಲ್ಲಾಳದ ಮನೆಯಲ್ಲಿ ಹೆಂಡತಿ, ಮಗಳನ್ನು ಎದುರಿಗೆ ಕೂರಿಸಿಕೊಂಡು, ಜಾದೂಗಾರನ ಹಾಗೆ ತೋಳು ಮಡಚಿ ಲ್ಯಾಪ್‌ಟಾಪ್ ತೆರೆದ. ಪರದೆಯ ಮೇಲೆ ಒಂದು ಚಕ್ರ ತಿರುಗಿತು. ತಿರುಗುತ್ತಲೇ ಇತ್ತು.

"ಅಪ್ಪ, ಇದು ಕುಂಬಾರನ ಆಟನಾ?" ಎಂದಳು ವಚನಾ.

ಅವನು ಮರೆಪ್ಪನಿಗೆ ಫೋನ್ ಹಚ್ಚಿದ. "ಮರೆಪ್ಪ, ಫೋಟೋ ಕೆಳಗಿನ ಪೆಟ್ಟಿಗೇಲಿ ಹಸಿರು ಲೈಟ್ ಉರೀತಿತ್ತಾ?"

"ಬಾಗಿಲು ಹಾಕೋವರೆಗೂ ಉರೀತಿತ್ತು ಸಾರ್. ಆಮೇಲೆ ಮೇನ್ ಇಳಿಸಿದ್ನಲ್ಲ."

ಗಿರಿರಾಜ ಲ್ಯಾಪ್‌ಟಾಪ್ ಮುಚ್ಚಿದ. ಪೆಟ್ಟಿಗೆಗೆ ವೈರು ಎರಡು. ಅವನು ಇಡೀ ದಿನ ಒಂದರ ಬಗ್ಗೆ ಹೋರಾಡಿ ಗೆದ್ದಿದ್ದ. ಇನ್ನೊಂದು ಬರೀ ಕರೆಂಟಿನ ವೈರು, ಸೀರಿಯಲ್ ಸೆಟ್ಟಿನ ಪ್ಲಗ್ಗಿನಲ್ಲಿ ನೇತಾಡುತ್ತಿತ್ತು.

ಅಧ್ಯಕ್ಷರಿಗೆ ಫೋನ್ ಮಾಡಿದ. "ಸಾರ್, ರಾತ್ರಿ ಮೇನ್ ಇಳಿಸೋದು ಬೇಡ ಅಂತ ಒಂದ್ಮಾತು ಹೇಳಿದ್ರೆ..."

"ಇನ್ನರ್ಧ ಮೀಸೇನೂ ಸುಡ್ಬೇಕೇನಪ್ಪ? ಅದು ನಮ್ಮಪ್ಪಾಜಿ ಫೋಟೋ."

"ಹಂಗಾದ್ರೆ ಬೀರುವಿನ ಲೈನಿಂದ ಒಂದು ವೈರು ಎಳೀತೀನಿ."

ಅಧ್ಯಕ್ಷರು ಕರಿಬಸಪ್ಪನವರನ್ನೂ ಕರೆಗೆ ಸೇರಿಸಿಕೊಂಡರು. "ಸಂಡಾಸ್ ಗೋಡೆ ಕರೆಂಟನ್ನ ಈಶಾನ್ಯಕ್ಕೆ ತರ್ತೀಯಾ?" ಎಂದು ಕರಿಬಸಪ್ಪ ನೊಂದುಕೊಂಡರು. "ಪೂಜೆ ಆದ ವಸ್ತು, ವರ್ಷ ತುಂಬೋವರೆಗೂ ಅಲುಗಿಸೋಹಂಗೂ ಇಲ್ಲ."

"ಯಾಕಿಷ್ಟು ತಲೆ ಕೆಡಿಸ್ಕೋತೀಯ ಗಿರಿ," ಎಂದರು ಅಧ್ಯಕ್ಷರು, ಮಗನಿಗೆ ಹೇಳುವ ಹಾಗೆ. "ಮರೆಪ್ಪನಿಗೆ ಭಾನುವಾರ ರಜ. ಪಾಪ, ವಯಸ್ಸಾದೋನು. ನೀನೇ ಬೆಳಿಗ್ಗೆ ಹೋಗಿ ಮೇನ್ ಎತ್ಬಿಡು. ನಮ್ಮ ಕೆಲ್ಸ ಮುಗಿಯೋವರೆಗೂ ಕೂತಿದ್ದು ಇಳಿಸಿ ಬಾ. ಕಷ್ಟದ ಕೆಲ್ಸ ಏನಲ್ವಲ್ಲ."

ಮಾರನೆಯ ದಿನ ಮಲ್ಲತ್ತಹಳ್ಳಿಯಲ್ಲಿ ಹಾಲು ಉಕ್ಕುವ ಹೊತ್ತಿಗೆ ಗಿರಿರಾಜ ಸಂಘದ ಮೇನ್ ಸ್ವಿಚ್ ಎತ್ತಿ, ಅಭ್ಯಾಸವಿಲ್ಲದಿದ್ದರೂ ಕೈ ಕಣ್ಣಿಗೊತ್ತಿಕೊಂಡ. ಸೀರಿಯಲ್ ಸೆಟ್ಟು ಮಿನುಗಿತು. ಅರ್ಧ ಮೀಸೆಯ ಸಂಸ್ಥಾಪಕರು ಅವನನ್ನೇ ನೋಡುತ್ತಿದ್ದರು. ಅವನ ಫೋನಿಗೆ ಕಲ್ಯಾಣಮ್ಮನ ಸಂದೇಶ ಬಂತು: ಮೊಮ್ಮಗನಿಗೆ ಎಣ್ಣೆ ಹಚ್ಚುತ್ತಲೇ ಕೆಲಸ ಮಾಡುತ್ತಿದ್ದೇನೆ, ಬಹಳ ಅನುಕೂಲವಾಗಿದೆ.

ಮೂರು ಗಂಟೆಗೆ ಚನ್ನವೀರೇಶ ರೇಷ್ಮೆ ಪಂಚೆಯಲ್ಲೇ ಸ್ಕೂಟರಿನಲ್ಲಿ ಬಂದು ಒಂದು ಚೀಲ ಕೊಟ್ಟ. "ಶಿವು ಕೊಟ್ಟು ಕಳಿಸಿದ್ಲು ಭಾವ. ಒಳಗೇನಿದೆ ಅಂತ ನಾನು ನೋಡಿಲ್ಲ," ಎಂದು ಮುಖ ತಿರುಗಿಸಿಕೊಂಡು ಹೊರಟ.

ಮೇಲೆ ಹೋಳಿಗೆಯ ಡಬ್ಬಿ ಇತ್ತು. ಕೆಳಗೆ ದಿಂಬು.

ಆ ಪೆಟ್ಟಿಗೆಯಿಂದ ಅಧ್ಯಕ್ಷರಿಗೆ, ಮ್ಯಾನೇಜರಿಗೆ, ನಿರ್ದೇಶಕರಿಗೆ ಪ್ರತಿ ಭಾನುವಾರ ಮನೆಯಲ್ಲಿ ಕೂತು ಕೆಲಸ ಮಾಡುವ ಸುಖ ಸಿಕ್ಕಿತು. ಸಂಘಕ್ಕೆ ಭದ್ರತೆ ಸಿಕ್ಕಿತು, ಅದರಲ್ಲಿ ಸುಳ್ಳಿಲ್ಲ. ಗಿರಿರಾಜ ಮೊದಲು ಕಂಪ್ಯೂಟರ್ ಕೆಟ್ಟ ಭಾನುವಾರ ಮಾತ್ರ ಬರುತ್ತಿದ್ದ. ಈಗ ಏನೂ ಕೆಡದಿದ್ದರೂ ಎಲ್ಲ ಭಾನುವಾರವೂ ಬರುತ್ತಾನೆ.