ಸುಳ್ಳು ಮಂಡಿ

ಇಷ್ಟಕ್ಕೆಲ್ಲ ಮೂಲ ಡ್ರಿಲ್ ಮೇಷ್ಟರ ಬಾಯಿ.

ಕಾಲೇಜಿನಲ್ಲಿ ಟೆನಿಸ್ ಆಡುವಾಗ ನಮ್ಮ ಕಥಾನಾಯಕನನ್ನು ಎಲ್ಲರೂ ‘ಚಾಂಪಿಯನ್’ ಎನ್ನುತ್ತಿದ್ದರು. ಹೆಸರು ಹಾಗೇ ಉಳಿಯಿತು. ಆದರೆ ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡ ಮೇಲೆ ಅವನು ಶ್ರೇಯಾಂಕ ಪಟ್ಟಿಯ ಬಾಲ ಹಿಡಿದು ನೇತಾಡುತ್ತಿದ್ದ. ಅವನಿಗಿದ್ದದ್ದು ಒಂದೇ ಅಂಕ. ಅದೂ ಸೋಮವಾರಕ್ಕೆ ವರ್ಷ ತುಂಬಿ ಬಿದ್ದುಹೋಗುತ್ತದೆ. ಈ ವಾರ ಮುಖ್ಯ ಸುತ್ತಿಗೆ ಹೋಗಿ ಒಂದು ಪಂದ್ಯ ಗೆದ್ದರೆ ಹೊಸ ಅಂಕ ಸಿಕ್ಕಿ ಬಚಾವ್. ಇಲ್ಲದಿದ್ದರೆ ಹೆಂಡತಿಗೆ ಕೊಟ್ಟ ಮಾತಿನಂತೆ ಅವಳ ಅಣ್ಣನ ಟೈಲ್ಸ್ ಅಂಗಡಿಯಲ್ಲಿ ಕೂರಬೇಕು. ಆ ಅಣ್ಣನ ಮುಖ ನೆನೆದರೇ ಅವನಿಗೆ ಮೈ ಉರಿಯುತ್ತಿತ್ತು.

ಇಂಥ ಸಣ್ಣ ಟೂರ್ನಿಗಳಲ್ಲಿ ಆಟಗಾರರನ್ನು ಊರಿನವರ ಮನೆಗಳಲ್ಲಿ ಇಳಿಸುತ್ತಾರೆ. ಅವನ ಪಾಲಿಗೆ ಬಂದ ಆಂಟಿ ಬಹಳ ಒಳ್ಳೆಯವರು, ಅದೇ ತೊಂದರೆ. ಅರ್ಹತಾ ಸುತ್ತಿನ ಕೊನೆಯ ಪಂದ್ಯಕ್ಕೆ ಅವರು ಬೀದಿಗೆ ಬೀದಿಯನ್ನೇ ಕರೆತಂದರು, ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟರ ಸಮೇತ.

“ಬಗ್ಗಿ ಹೊಡಿಯಪ್ಪಾ! ಬೆನ್ನಿಗೇನು ಕೋಲು ಕಟ್ಕೊಂಡಿದೀಯಾ?” ಮೇಷ್ಟರು ಕೂಗಿದರು.

ಚಾಂಪಿಯನ್ ಹಲ್ಲು ಕಡಿದ. ಸರ್ವ್ ಬಲೆಗೆ ಬಿತ್ತು.

“ನಾ ಹೇಳ್ಲಿಲ್ವಾ!”

ಎರಡನೇ ಸೆಟ್ಟಿನ ಹೊತ್ತಿಗೆ ಸಿಟ್ಟು ನೆತ್ತಿಗೇರಿತ್ತು. ರಾಕೆಟ್ಟನ್ನು ನೆಲಕ್ಕೆ ಬಡಿದರೆ ದಂಡ, ಮೇಷ್ಟರಿಗೆ ಬಡಿದರೆ ಜೈಲು. ಸೋಲಂತೂ ಖಾತ್ರಿ. ಈ ಮನುಷ್ಯನ ಪಾಠ ಕೇಳಿಕೊಂಡು ಸೋಲುವ ಕರ್ಮ ಯಾಕೆ? ಅವನು ಮಂಡಿ ಹಿಡಿದುಕೊಂಡು ಕುಸಿದ. “ಆಗಲ್ಲ ಸಾರ್, ಮಂಡಿ ಹೋಯ್ತು” ಎಂದು ಅಂಪೈರಿಗೆ ಹೇಳಿ, ಕುಂಟುತ್ತಾ ಹೊರಬಿದ್ದ. ಮರ್ಯಾದೆ ಉಳಿಯಿತು ಅಂದುಕೊಂಡ, ಪೆದ್ದ.

ಮನೆಯಲ್ಲಿ ಇಡೀ ಬೀದಿ ಅವನ ಮಂಡಿಯ ಮೇಲೆ ಬಿತ್ತು. ಆಂಟಿ ಕಾಲನ್ನು ದಿಂಬಿನ ಮೇಲಿಟ್ಟರು. ಮೇಷ್ಟರು ಕುದುರೆಗೂ ಹೆಚ್ಚಾಗುವಷ್ಟು ಮುಲಾಮು ತಿಕ್ಕಿ, ಮೇಲೆ ಬಟ್ಟೆಯ ಪಟ್ಟಿ ಸುತ್ತಿ ಸುತ್ತಿ ಬಿಗಿದರು.

“ಉರೀತಿದೆ ಮೇಷ್ಟ್ರೇ! ಬಿಗಿ ಜಾಸ್ತಿ ಆಯ್ತು!”

“ಉರೀಬೇಕು. ಉರಿದ್ರೇನೇ ವಾಸಿ ಆಗೋದು.”

ಬಿಚ್ಚಿದರೆ ಸುಳ್ಳು ಬಯಲಾಗುತ್ತದೆ. ಮಧ್ಯಾಹ್ನವೆಲ್ಲ ಅವನು ಒಳಗೊಳಗೇ ಕುದಿಯುತ್ತಾ ಬಿದ್ದುಕೊಂಡ.

ಆಗ ರೆಫರಿಯ ಫೋನ್ ಬಂತು. ಮುಖ್ಯ ಸುತ್ತಿನ ಆಟಗಾರನೊಬ್ಬ ಹೊಟ್ಟೆ ಕೆಟ್ಟು ಹಿಂದೆ ಸರಿದಿದ್ದ. ಅಂಥ ಜಾಗ ಅರ್ಹತಾ ಸುತ್ತಿನ ಕೊನೆಯಲ್ಲಿ ಸೋತವರಿಗೆ ಹೋಗುತ್ತದೆ. ಸೋತವರಲ್ಲಿ ಒಂದಾದರೂ ಅಂಕ ಇದ್ದವನು ಅವನೊಬ್ಬನೇ, ಹಾಗಾಗಿ ಸರದಿಯಲ್ಲಿ ಮೊದಲಿಗ ಚಾಂಪಿಯನ್ನೇ.

“ಸಂಜೆ ಪಂದ್ಯ. ಡಾಕ್ಟ್ರು ಮಂಡಿ ನೋಡಿ ಹೂಂ ಅಂದ್ರೆ ಸಾಕು” ಎಂದರು ರೆಫರಿ.

ನೋಡುವುದೇನು ಬಂತು, ಏನೂ ಆಗದ ಮಂಡಿ! ಅವನು ಮಂಚದಿಂದ ಹಾರಿ ಹೊರಟ. ಕಾಲು ಕೊರಡಿನಂತಿತ್ತು; ಜೋಮು ಹಿಡಿದಿರಬೇಕು ಅಂದುಕೊಂಡ. ಹಿಂದೆಯೇ ಆಂಟಿ “ನಿಧಾನ ಕಣಪ್ಪಾ!” ಎನ್ನುತ್ತಾ ಬಂದರು.

ರೆಫರಿಯ ಕೋಣೆಯಲ್ಲಿ ಡಾಕ್ಟರಮ್ಮ ಪಟ್ಟಿ ಬಿಚ್ಚಿದರು. ಮಂಡಿ ಕುಂಬಳಕಾಯಿಯಂತೆ ಊದಿಕೊಂಡಿತ್ತು. ಚರ್ಮ ಕೆಂಪಾಗಿ ಬೊಬ್ಬೆ ಎದ್ದಿತ್ತು, ಕಾಲು ಮಡಿಸಲಿಕ್ಕೇ ಬರಲಿಲ್ಲ.

“ಇದನ್ನಿಟ್ಕೊಂಡು ಆಡ್ತೀಯೇನಪ್ಪಾ? ಖಂಡಿತ ಬೇಡ.”

“ಮೇಡಂ, ಇದು ಪಟ್ಟಿಯಿಂದ ಆಗಿದ್ದು! ಬೆಳಿಗ್ಗೆ ನನ್ನ ಮಂಡಿ ಚೆನ್ನಾಗೇ ಇತ್ತು!”

ರೆಫರಿ ಕತ್ತೆತ್ತಿದರು. “ಚೆನ್ನಾಗಿತ್ತಾ? ಮತ್ತೆ ಆಟ ಯಾಕೆ ಬಿಟ್ಟೆ? ಸುಳ್ಳು ನೋವು ಹೇಳಿ ಆಟ ಬಿಟ್ಟೋರನ್ನ ನಾವು ಸುಮ್ನೆ ಬಿಡಲ್ಲ, ಗೊತ್ತಲ್ಲ?”

ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

“ಇಲ್ಲ ಸಾರ್... ನೋವಿತ್ತು.”

“ನಾನೇ ಕಣ್ಣಾರೆ ನೋಡಿದೀನಿ, ಪಾಪ, ಎಷ್ಟು ಕುಂಟ್ತಿದ್ದ” ಎಂದು ಆಂಟಿ ಸಾಕ್ಷಿ ನುಡಿದರು.

ಆ ಜಾಗ ಸರದಿಯಲ್ಲಿದ್ದ ಇನ್ನೊಬ್ಬನಿಗೆ ಹೋಯಿತು. ಆಂಟಿ ಮತ್ತು ಮೇಷ್ಟರ ನಡುವೆ ಕೂತು ಚಾಂಪಿಯನ್ ಅವನ ಆಟ ನೋಡಬೇಕಾಯಿತು. ಎರಡು ಗೇಮ್ ಮುಗಿದಿರಲಿಲ್ಲ, ಆ ಅದೃಷ್ಟವಂತನ ಎದುರಾಳಿ ಮಂಡಿ ಹಿಡಿದುಕೊಂಡು ಬಿದ್ದ. ಈ ನೋವು ನಿಜವಾದದ್ದು. ಪಂದ್ಯ ಅಲ್ಲಿಗೇ ನಿಂತಿತು. ಬೆವರೂ ಬಾರದೆ ಒಂದು ಅಂಕ ಇನ್ನೊಬ್ಬನ ಪಾಲಾಯಿತು.

ಚಾಂಪಿಯನ್ನಿಗೆ ಇಷ್ಟು ವರ್ಷಗಳ ಸಿಟ್ಟೆಲ್ಲ ಒಟ್ಟಿಗೇ ಉಕ್ಕಿ ಬಂತು.

“ಎಲ್ಲಾ ನಿಮ್ಮಿಂದ ಮೇಷ್ಟ್ರೇ!” ಎಂದು ಕಿರುಚುತ್ತಾ ಪಕ್ಕಕ್ಕೆ ತಿರುಗಿದ.

ಕುರ್ಚಿ ಖಾಲಿ ಇತ್ತು. ಮೇಷ್ಟರು ಮುಲಾಮಿನ ಡಬ್ಬಿ ಹಿಡಿದು ಆಗಲೇ ಅಂಕಣಕ್ಕೆ ಇಳಿದಿದ್ದರು.