ಫ್ಲಾಬರ್‌ಗ್ಯಾಸ್ಟೆಡ್ ಆಗಲಿಚ್ಛಿಸುವವರು ಪಾಲಿಸತಕ್ಕ ಕ್ರಮಗಳು

ಸಂಖ್ಯೆ: ಟಪಾಲು/ಬೆರಗು/ಚಾವಣಿ/ಭಾಗ-೨

ವಿಷಯ: 'ಫ್ಲಾಬರ್‌ಗ್ಯಾಸ್ಟೆಡ್' ಎಂಬ ಇಂಗ್ಲಿಷ್ ವಿಶೇಷಣದ ಅರ್ಥ, ಬಳಕೆ ಹಾಗೂ ದುರ್ಬಳಕೆ ಕುರಿತು.

ಉಲ್ಲೇಖ: ಟಪಾಲು ಗುಮಾಸ್ತೆಯವರ ಮನವಿ, ಮರುಮನವಿ, ನೆನಪೋಲೆ ಹಾಗೂ ನಿಟ್ಟುಸಿರು.

ಪ್ರಸ್ತಾವನೆ: ಕಚೇರಿಯವರೆಲ್ಲ 'ಟಪಾಲಕ್ಕ' ಎಂದು ಕರೆಯುವ ಟಪಾಲು ಗುಮಾಸ್ತೆಯವರು, ತಮ್ಮ ನೆತ್ತಿಯ ಮೇಲೆ ಚಾವಣಿಯ ಗಾರೆ ಉಬ್ಬಿ ಬಿರುಕು ಬಿಟ್ಟಿದೆ, ಕುರ್ಚಿಯ ಜಾಗ ಬದಲಿಸಿಕೊಡಿ ಎಂದು ಕನ್ನಡದಲ್ಲಿ ಬರೆದು ಬರೆದು ಬೆರಳು ಸವೆಸಿದರೂ ಯಾರೂ ಕ್ಯಾರೇ ಎನ್ನದ ಕಾರಣ, ಕೊನೆಗೆ "ಚಾವಣಿ ಕಂಡು ಫ್ಲಾಬರ್‌ಗ್ಯಾಸ್ಟೆಡ್ ಆಗಿದ್ದೇನೆ" ಎಂದು ಬರೆದಿರುತ್ತಾರೆ. ಅರ್ಥ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಪದ್ಧತಿ ಈ ಕಚೇರಿಯಲ್ಲಿ ಇಲ್ಲದಿರುವುದರಿಂದ, ಕಡತವು "ಸಹಮತವಿದೆ" ಎಂಬ ಷರಾ ಹೊತ್ತು ಮೇಜಿನಿಂದ ಮೇಜಿಗೆ ಸಾಗಿ ಸಾಹೇಬರಾದ ಸಹಾಯಕ ನಿರ್ದೇಶಕರನ್ನು ತಲುಪಿದೆ. ಯಾವುದೋ ಕಾಯಿಲೆಯಿರಬೇಕೆಂದು ಭಾವಿಸಿ ಅವರು ವೈದ್ಯಕೀಯ ರಜೆ ಮಂಜೂರು ಮಾಡಿರುತ್ತಾರೆ.

"ನಂಗೇನ್ ಬಂದಿದೆ ರೋಗ? ಗುಂಡುಕಲ್ಲಿನ ಹಾಗಿದೀನಿ. ರೋಗ ಬಂದಿರೋದು ಚಾವಣಿಗೆ" ಎಂದು ಆಕ್ಷೇಪಿಸಿ ಸದರಿಯವರು ಮಾರನೆಯ ದಿನವೇ ಅದೇ ಕುರ್ಚಿಗೆ ಹಾಜರಾದರು. ಮಧ್ಯಾಹ್ನದ ಡಬ್ಬಿಯನ್ನೂ ಚಾವಣಿಯ ಮೇಲೊಂದು ಕಣ್ಣಿಟ್ಟೇ ಉಣ್ಣುತ್ತಿದ್ದರು. ಇದು ಕಡತಕ್ಕೆ ಬಂದಿರುವುದಿಲ್ಲ.

ಆದಕಾರಣ ಸಕಲ ಸಿಬ್ಬಂದಿಯ ಕಿವಿಗೆ ಹಾಕಲಾಗುವುದೇನೆಂದರೆ:

೧. ಸದರಿ ಪದದ ಅರ್ಥ "ತೆರೆದ ಬಾಯಿ ಮುಚ್ಚಲು ಮರೆಯುವಷ್ಟು ಬೆರಗಾದ" ಎಂಬುದು. ಇದು ರೋಗವಲ್ಲ. ಅಂಟುವುದಿಲ್ಲ.

೨. ಗುಮಾಸ್ತರು 'ಸರ್‌ಪ್ರೈಸ್ಡ್' ಮಟ್ಟದಲ್ಲೇ ತೃಪ್ತರಾಗತಕ್ಕದ್ದು. ವ್ಯವಸ್ಥಾಪಕರು 'ಅಸ್ಟಾನಿಷ್ಡ್' ಆಗಬಹುದು. 'ಫ್ಲಾಬರ್‌ಗ್ಯಾಸ್ಟೆಡ್' ಸಾಹೇಬರಿಗೆ ಮೀಸಲು. ಹೊಸದಾಗಿ ಸೇರಿದ ನೌಕರರು ಒಂದು ಹುಬ್ಬನ್ನು ಮಾತ್ರ ಏರಿಸಬಹುದಾಗಿದ್ದು, ಕಚೇರಿ ಮುಚ್ಚುವುದರೊಳಗೆ ಇಳಿಸತಕ್ಕದ್ದು.

೩. ಬೆರಗಾಗುವವರು ಹಿಂದಿನ ದಿನವೇ ಕಾರಣ ಸಹಿತ ಅನುಮತಿ ಪಡೆಯುವುದು. ಹಠಾತ್ತನೆ ಬೆರಗಾದವರು ಅದನ್ನು ಅಲ್ಲಿಗೇ ತಡೆಹಿಡಿದು, ಅನುಮತಿ ಬಂದ ನಂತರ ಮುಂದುವರಿಸುವುದು.

೪. ತೆರೆದ ಬಾಯಿಗೆ ನೊಣ ಹೊಕ್ಕಲ್ಲಿ ಅದನ್ನು ಒಳಬಂದ ಪತ್ರಗಳ ಆವಕ ವಹಿಯಲ್ಲಿ ನಮೂದಿಸುವುದು. ನುಂಗಿದಲ್ಲಿ 'ವಿಲೇವಾರಿಯಾಗಿದೆ' ಎಂದು ಷರಾ ಬರೆಯುವುದು.

೫. ಮೇಲ್ಕಂಡ ನಿಯಮಗಳ ಕರಡನ್ನು ವಿವರಿಸಲು ಸಾಹೇಬರು ನಿನ್ನೆ ಖುದ್ದು ಟಪಾಲು ವಿಭಾಗಕ್ಕೆ ದಯಮಾಡಿಸಿದರು. "ಕಡ್ಡೀನ ಗುಡ್ಡ ಮಾಡ್ತೀರಲ್ಲಮ್ಮ. ಏಳಿ, ನಾನೇ ಕೂತು ತೋರಿಸ್ತೀನಿ" ಎಂದು ಸದರಿ ಕುರ್ಚಿಯಲ್ಲಿ ಆಸೀನರಾದರು. "ಬೇಡ ಸಾರ್, ನನ್ನ ಮಾತು ಕೇಳಿ" ಎಂದು ಟಪಾಲಕ್ಕ ತೋಳು ಹಿಡಿದು ಎಳೆದ ಕಾರಣ, ತಲೆಯ ಮೇಲೆ ಬೀಳಬೇಕಿದ್ದ ಗಾರೆಯು ಬಲಭುಜಕ್ಕೆ ಬಿದ್ದಿರುತ್ತದೆ. ಆಗ ಸಾಹೇಬರ ಬಾಯಿಂದ ಪೂರ್ವಾನುಮತಿಯಿಲ್ಲದೆ ಹೊರಟ ಪದವು "ಅಯ್ಯಯ್ಯಮ್ಮಾ" ಎಂಬುದಾಗಿದ್ದು, ಇನ್ನು ಮುಂದೆ ಇದನ್ನೇ ಸದರಿ ವಿಶೇಷಣದ ಅಧಿಕೃತ ಕನ್ನಡ ರೂಪವೆಂದು ಪರಿಗಣಿಸಿ, ಎಲ್ಲ ದರ್ಜೆಯವರಿಗೂ ಮುಕ್ತಗೊಳಿಸಲಾಗಿದೆ.

ಸಹಿ/-
(ಎಡಗೈಯಿಂದ)
ಸಹಾಯಕ ನಿರ್ದೇಶಕರು

ಪ್ರತಿಗಳು:

ಎಲ್ಲ ಮೇಜುಗಳಿಗೆ, ಓದಿದ ನಂತರವೇ ಸಹಮತ ಸೂಚಿಸುವ ಷರತ್ತಿನೊಂದಿಗೆ.

ಗಾರೆ ಮೇಸ್ತ್ರಿಯವರಿಗೆ, ಇದನ್ನು ಓದುತ್ತ ನಿಲ್ಲದೆ ಏಣಿ ಸಮೇತ ಬರಲು.

ಟಪಾಲಕ್ಕನವರಿಗೆ: ತಮ್ಮ ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಹಾಕಲಾಗಿದೆ. ತಾವು ಮೊದಲು ಕನ್ನಡದಲ್ಲಿ ಬರೆದದ್ದು ಎಲ್ಲರಿಗೂ ಆಗಲೇ ಅರ್ಥವಾಗಿತ್ತು ಎಂದು ಈ ಮೂಲಕ ನಾಚಿಕೆಯಿಂದ ಒಪ್ಪಿಕೊಳ್ಳಲಾಗಿದೆ.